ಮೋಜಣಿ ದೋಷ ಮೀಮಾಂಸೆ

ವಿಷಯ ನಿರೂಪಣೆ

ನೆಲವನ್ನು ಅಳೆಯುವಾಗ ದೋಷವೇ ಬಾರದೆಂದು ವಾದಿಸಿದ ಶಾಸ್ತ್ರಕಾರ ಈವರೆಗೆ ಹುಟ್ಟಿಲ್ಲ. ಆ ದೋಷದಿಂದ ತನಗೆ ಲಾಭವಾಗಿದೆಯೆಂದು ಒಪ್ಪಿದ ಖಾತೆದಾರನೂ ಹುಟ್ಟಿಲ್ಲ. ಈ ಎರಡು ಅಭಾವಗಳ ನಡುವೆ ಇರುವ ಬದುವೇ ಪ್ರಸ್ತುತ ಪ್ರಬಂಧದ ವಿಷಯ.

ಮಾನ ನಿರ್ಣಯ

ಚೈನೆಂದರೆ 33 ಅಡಿ, ಅದಕ್ಕೆ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲವಿದ್ದರೆ ಗುಂಟೆ, ಅರ್ಥಾತ್ 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಇಲ್ಲಿಯವರೆಗೆ ವಾದಿ ಪ್ರತಿವಾದಿಗಳಿಬ್ಬರಿಗೂ ಸಮ್ಮತ. ಇದರ ಮುಂದೆ ಕೋರ್ಟು.

ದೋಷತ್ರಯ

ಮೊದಲನೆಯದು ಪ್ರಮಾದ. ಎಣಿಸುವಾಗ ಒಂದು ಚೈನು ತಪ್ಪಿಹೋಗುವುದು, ಗೆದ್ದಲು ತಿಂದ ಟಿಪ್ಪಣಿಯಲ್ಲಿ ೬ ಇದ್ದದ್ದನ್ನು ೯ ಎಂದು ಓದುವುದು ಇತ್ಯಾದಿ. ಮತ್ತೊಮ್ಮೆ ಅಳೆದರೆ ಇದು ಹೋಗುತ್ತದೆ. ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

ಎರಡನೆಯದು ಕ್ರಮದೋಷ. ಎಳೆದೆಳೆದು ಬಳೆಗಳು ಸವೆದು ಚೈನು ಒಂದಂಗುಲ ಉದ್ದವಾಯಿತೆನ್ನಿ. ನೂರು ಚೈನು ಅಳೆದರೆ ದೋಷವೂ ನೂರಂಗುಲ. ಮಲೆನಾಡಿನಲ್ಲಿ ಇಳಿಜಾರಿನ ಪಾಲೂ ಇದಕ್ಕೆ ಸೇರುತ್ತದೆ: ನೆಲಕ್ಕೆ ಅಂಟಿಸಿ ಅಳೆದ 100 ಅಡಿಯಲ್ಲಿ ನೆಲ 20 ಅಡಿ ಏರಿದ್ದರೆ ಮಟ್ಟದ ಉದ್ದ ಸುಮಾರು 98 ಅಡಿ ಮಾತ್ರ. ಮಾರುವವನು ನೆಲಕ್ಕೆ ಅಂಟಿಸಿ ಅಳೆಯೆನ್ನುತ್ತಾನೆ, ಕೊಳ್ಳುವವನು ಮಟ್ಟ ಹಿಡಿಯೆನ್ನುತ್ತಾನೆ. ಇಬ್ಬರೂ ರೇಖಾಗಣಿತ ಓದಿದವರಲ್ಲವೆಂಬುದು ಗಮನಾರ್ಹ.

ಮೂರನೆಯದು ಯಾದೃಚ್ಛಿಕ ದೋಷ. ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ. ಬಹುಪಾಲು ತಂತಾನೇ ವಜಾ ಆಗುತ್ತದೆ. ಚೈನಿಗೆ ಒಂದಂಗುಲದಂತೆ ಅತ್ತಿತ್ತಾದರೂ ನೂರು ಚೈನಿಗೆ ಸುಮಾರು ಹತ್ತೇ ಅಂಗುಲ, ಏಕೆಂದರೆ ಅದು ಬೆಳೆಯುವುದು ವರ್ಗಮೂಲದ ಲೆಕ್ಕದಲ್ಲಿ.

ಪೂರ್ವಪಕ್ಷ

ಆದ್ದರಿಂದ, ಎನ್ನುತ್ತಾರೆ ಪೂರ್ವಪಕ್ಷದವರು, ದೋಷಗಳು ಮೂರೇ. ಅದರಲ್ಲೂ ಮೂರನೆಯದು ಪಕ್ಷಪಾತವಿಲ್ಲದ್ದು, ಬದುವಿನ ಎರಡೂ ಕಡೆಯವರನ್ನು ಸಮನಾಗಿ ಕಾಣುತ್ತದೆ.

ಸಿದ್ಧಾಂತ

ಇದು ಸಲ್ಲದು. ನಾಲ್ಕನೆಯದೊಂದಿದೆ, ಅದನ್ನು ಆಕರ್ಷಣ ದೋಷವೆಂದು ಕರೆಯೋಣ. ಪ್ರಮಾಣವನ್ನು ಭಾರತದ ಮಹಾ ತ್ರಿಕೋನಮಿತಿ ಸರ್ವೆಯೇ ಒದಗಿಸಿದೆ. ಉತ್ತರದ ಕಲಿಯಾನಾ ಮತ್ತು ಮಧ್ಯಭಾರತದ ಕಲ್ಯಾಣಪುರಗಳ ಅಕ್ಷಾಂಶದ ಅಂತರವನ್ನು ನೆಲದ ಮೇಲೆ ಅಳೆದು ಒಮ್ಮೆ, ನಕ್ಷತ್ರ ನೋಡಿ ಒಮ್ಮೆ ಲೆಕ್ಕ ಹಾಕಿದಾಗ ಐದು ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸ ಬಂತು. ನೆಲದ ಮೇಲೆ ಅದು ಸುಮಾರು 160 ಮೀಟರು. 1855ರಲ್ಲಿ ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿ, ನಕ್ಷತ್ರ ನೋಡುವಾಗ ಲಂಬ ತೋರಿಸುವ ತೂಗುಗುಂಡನ್ನು ಹಿಮಾಲಯದ ರಾಶಿ ತನ್ನತ್ತ ಸೆಳೆಯುವುದನ್ನು ತೋರಿಸಿದ. ಅವನ ಲೆಕ್ಕದಂತೆ ಸೆಳೆತ ಆ ವ್ಯತ್ಯಾಸದ ಸುಮಾರು ಮೂರು ಪಟ್ಟು ಇರಬೇಕಿತ್ತು.

ಹಿಮಾಲಯ ಲೆಕ್ಕಕ್ಕಿಂತ ಕಡಿಮೆ ಸೆಳೆಯಿತು. ಊರಿನ ದೊಡ್ಡ ಕುಳಗಳು ಲೆಕ್ಕಕ್ಕಿಂತ ಹೆಚ್ಚು ಸೆಳೆಯುತ್ತಾರೆ. ಆಕರ್ಷಣೆಯ ನಿಯಮ ಒಂದೇ. ರಾಶಿಯ ಸ್ವರೂಪ ಮಾತ್ರ ಬೇರೆ.

ನಿದರ್ಶನ

ಹದ್ದುಬಸ್ತಿನ ದಿನ. ಬಾಜುದಾರರಿಗೆಲ್ಲ ನೋಟಿಸು ಮುಟ್ಟಿದೆ. ನಕ್ಷೆಯಲ್ಲಿ ಬಾಂದು ಕಲ್ಲಿದೆ, ಮೂಲೆಯಲ್ಲಿ ಇಲ್ಲ. ಹುಡುಕಿದರೆ ಅದು ಪಕ್ಕದ ಜಮೀನಿನವರ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲಾಗಿ ಸಿಗುತ್ತದೆ, ಮೇಲೆ ಸೋಪಿನ ನೊರೆ. “ಕಲ್ಲು ಎಲ್ಲಾದ್ರೂ ಇರ್ಲಿ ಸಾಮಿ, ನಮ್ಮಪ್ಪನ ಕಾಲದಿಂದ ಬದು ಇಲ್ಲೇ ಐತೆ” ಎಂದು ಮನೆಯ ಯಜಮಾನರು ಸರ್ವೆಯರಿಗೆ ಎಳನೀರು ಕೊಡುತ್ತಾರೆ. ಅರ್ಜಿದಾರ ನೀರನ್ನೂ ತಂದಿಲ್ಲ. ವರ್ಷಕ್ಕೊಂದು ಸಾಲು ಬದುವನ್ನು ಕೆರೆದು ಉತ್ತ ನೇಗಿಲು ಮಾತ್ರ ಕೊಟ್ಟಿಗೆಯಲ್ಲಿ ಮೌನವಾಗಿದೆ. ಹತ್ತು ಚೈನು ಉದ್ದದ ಬದು ಮೂರಡಿ ನಾಲ್ಕಂಗುಲ ಸರಿದರೆ ಸಾಕು, ಒಂದು ಗುಂಟೆ ಕೈಬದಲಾಯಿತು. ಇಂಥ ಸರಿತಗಳು ಅತ್ತಿತ್ತ ಸರಿದು ವಜಾ ಆದ ಉದಾಹರಣೆ ಶಾಸ್ತ್ರದಲ್ಲಿಲ್ಲ.

ನವೀನ ಮತ ಖಂಡನೆ

ಈಗ ರೋವರ್ ಬಂದಿದೆ, ಉಪಗ್ರಹ ಕೇಳಿ ಸೆಂಟಿಮೀಟರಿನ ಲೆಕ್ಕದಲ್ಲಿ ಹೇಳುತ್ತದೆಯೆಂದು ನವೀನರು ಹಿಗ್ಗುತ್ತಾರೆ. ಆದರೆ ಮೂಲ ಟಿಪ್ಪಣಿ ಬರೆದದ್ದು ಆಣೆಯಲ್ಲಿ; ಒಂದಾಣೆಗೆ ಎರಡಡಿ ಮುಕ್ಕಾಲಂಗುಲ. ಹೀಗಾಗಿ ಹಿಂದಿನವರು ಅಂದಾಜಿನಲ್ಲಿ ಬಿಟ್ಟ ಗೆರೆಯನ್ನು ರೋವರ್ ಕರಾರುವಾಕ್ಕಾಗಿ ತೋರಿಸುತ್ತದೆ. ಹಿಂದೆ ಅಡಿಗಳಿಗೆ ಜಗಳವಾಡುತ್ತಿದ್ದವರಿಗೆ ಈಗ ಸೆಂಟಿಮೀಟರಿಗೆ ಜಗಳವಾಡುವ ಸೌಲಭ್ಯ ಒದಗಿದೆ.

ಫಲಶ್ರುತಿ

ಬದುವಿನ ಮೇಲೆ ಕುಳಿತು ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವರಿಗೆ ಅರ್ಧ ಗುಂಟೆ ಪ್ರಾಪ್ತಿಯಾಗುವುದು. ಎರಡೂ ಕಡೆಯವರು ಏಕಕಾಲಕ್ಕೆ ಓದಿ, ಫಲದ ಹಂಚಿಕೆಯಲ್ಲಿ ತಕರಾರು ಬಂದಲ್ಲಿ, ನಿಗದಿತ ಶುಲ್ಕ ಕಟ್ಟಿ ಹೊಸದಾಗಿ ಹದ್ದುಬಸ್ತಿಗೆ ಅರ್ಜಿ ಹಾಕಿಕೊಳ್ಳತಕ್ಕದ್ದು.