ಅಂಗಳವಾರ್ತಾ ಮೀಮಾಂಸೆ

ಲಕ್ಷಣ

ಯಾವ ಸುದ್ದಿಯಿಂದ ಕೇಳಿದವರಿಗೆ ಮೂರು ಕಾಸಿನ ಲಾಭವಿಲ್ಲವೋ, ಯಾವುದನ್ನು ಹೇಳದಿದ್ದರೆ ಹೇಳುವವರಿಗೆ ಕಾಫಿ ರುಚಿಸುವುದಿಲ್ಲವೋ, ಯಾವುದು ಹೋದ ವರ್ಷವೂ ಇದೇ ತಿಂಗಳಲ್ಲಿ ಇದೇ ಮಾತುಗಳಲ್ಲಿ ಬಂದಿತ್ತೋ ಅದು ಅಂಗಳವಾರ್ತೆ. 'ನಮ್ಮ ಸಂಪಿಗೆ ಮೊಗ್ಗು ಬಿಟ್ಟಿದೆ', 'ಬೆಳಗಿನ ಜಾವವೇ ಕೋಗಿಲೆ ಕೂಗಿತು', 'ರಾತ್ರಿ ಚೆನ್ನಾಗಿ ಹುಯ್ಯಿತು' ಎಂಬವು ಉದಾಹರಣೆಗಳು. ಚಿನ್ನದ ಬೆಲೆ, ಚುನಾವಣೆ, ಸೊಸೆಯ ಸ್ವಭಾವ ಇವು ಅಂಗಳವಾರ್ತೆಯಲ್ಲ. ಅವುಗಳಿಂದ ಜಗಳ ಹುಟ್ಟುತ್ತದೆ. ಅಂಗಳವಾರ್ತೆಯಿಂದ ಹುಟ್ಟುವುದು ಪೈಪೋಟಿ ಮಾತ್ರ.

ಅಂಗಳವೇ ಇಲ್ಲದವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವುಂಟೇ? ಉಂಟು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಪೇಂಟ್ ಡಬ್ಬಿಯಲ್ಲಿ ನೆಟ್ಟ ಒಂದು ದೊಡ್ಡಪತ್ರೆ ಸಾಕು. ಅದೂ ಇಲ್ಲದವರು ಎದುರು ಮನೆಯ ಮಾವನ್ನು ವರದಿ ಮಾಡಬಹುದು. ಆದರೆ 'ನಮ್ಮ' ಎಂಬ ವಿಭಕ್ತಿಯನ್ನು ಬಳಸುವಾಗ ಎದುರು ಮನೆಯವರು ಕೇಳಿಸಿಕೊಳ್ಳದ ಹಾಗೆ ನೋಡಿಕೊಳ್ಳಬೇಕು.

ಇತಿಹಾಸ

ಈ ಶಾಸ್ತ್ರದ ಪೂರ್ವಾಚಾರ್ಯರಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಪ್ರಮುಖ. ಥಾಮಸ್ ಪೆನ್ನಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ಗೆಳೆಯರಿಗೆ ತನ್ನೂರಿನ ಹಕ್ಕಿ, ತೋಟ, ಹವೆಗಳ ಬಗ್ಗೆ ಆತ ಬರೆದದ್ದು 1789ರಲ್ಲಿ 110 ಪತ್ರಗಳ ಪುಸ್ತಕವಾಗಿ ಬಂತು. ಅವುಗಳಲ್ಲಿ ಕೆಲವನ್ನು ಆತ ಅಂಚೆಗೆ ಹಾಕಿರಲೇ ಇಲ್ಲ. ಇವತ್ತು ಅರ್ಧ ಟೈಪ್ ಮಾಡಿ ಮರೆತುಬಿಡುವವರಿಗೆ ಇದಕ್ಕಿಂತ ದೊಡ್ಡ ಪೂರ್ವಾಧಾರ ಬೇಕಿಲ್ಲ. ಆತನ ತೋಟದಲ್ಲಿದ್ದ ಟಿಮೊಥಿ ಎಂಬ ಆಮೆ ಗಂಡೆಂದೇ ಸುದ್ದಿಯಾಗಿತ್ತು; ಸತ್ತ ಮೇಲೆ ಚಿಪ್ಪು ಪರೀಕ್ಷಿಸಿದವರು ಅದು ಹೆಣ್ಣೆಂದರು. ಪುಸ್ತಕ ಇಂದಿಗೂ ಅಚ್ಚಾಗುತ್ತಲೇ ಇದೆ. ವರದಿ ತಪ್ಪಿದರೂ ಗೆಳೆತನ ಕೆಡದು ಎಂಬ ನ್ಯಾಯ ಇಲ್ಲಿಂದ ಸಿದ್ಧ.

ಕನ್ನಡನಾಡಿನಲ್ಲಿ ಈ ಶಾಸ್ತ್ರಕ್ಕೆ ಸರಕಾರಿ ಆಶ್ರಯ ದೊರೆತದ್ದು 1908ರಲ್ಲಿ, ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗೆಲ್ ಬೆಂಗಳೂರಿನ ಲಾಲ್‌ಬಾಗಿಗೆ ಬಂದಾಗ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗೆ ಮರ ಹಾಕಿಸುವುದು ಆತನ ವಿಚಾರ. ಇದನ್ನು ಜನ ನಗರ ಸೌಂದರ್ಯದ ಯೋಜನೆ ಎಂದು ಭಾವಿಸಿದ್ದಾರೆ. ಪ್ರಸ್ತುತ ಪ್ರಬಂಧಕಾರನ ಮತದಲ್ಲಿ ಇದು ವರ್ಷವಿಡೀ ಸುದ್ದಿಗೆ ಬರವಾಗದಿರಲಿ ಎಂಬ ಮುಂದಾಲೋಚನೆ. ದಕ್ಷಿಣ ಅಮೆರಿಕದ ಜಕರಂದ, ಮಡಗಾಸ್ಕರಿನ ಗುಲ್‌ಮೊಹರ್ ಅರಳಿದಾಗ 'ನಮ್ಮೂರಿನ ವಸಂತಕ್ಕೆ ಸಾಟಿಯಿಲ್ಲ' ಎಂದು ಪಡುವ ಹೆಮ್ಮೆಯೂ ಶಾಸ್ತ್ರಸಮ್ಮತವೇ.

ಮಳೆ ಪ್ರಕರಣ

ಮಳೆಯ ವಾರ್ತೆಗೆ ಎರಡು ಮಾನಗಳಿವೆ. ಬಯಲುಸೀಮೆಯವರದು ನಕ್ಷತ್ರಮಾನ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ಅಷ್ಟು ದಿನಕ್ಕೊಮ್ಮೆ ಹೊಸ ಮಳೆ 'ಹುಟ್ಟುತ್ತದೆ'. ಮೃಗಶಿರಾ ಕೈಕೊಟ್ಟರೆ ಆರಿದ್ರೆ ಇದೆ, ಆರಿದ್ರೆ ಹೋದರೆ ಪುನರ್ವಸು ಇದೆ. ನಿರಾಶೆಗೆ ಎರಡು ವಾರಕ್ಕಿಂತ ಹೆಚ್ಚು ಅವಧಿಯೇ ಸಿಗದಂತೆ ಈ ಪಂಚಾಂಗವನ್ನು ರಚಿಸಲಾಗಿದೆ.

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರದು ಇಂಚು-ಸೆಂಟು ಮಾನ. ನೂರು ಸೆಂಟಿಗೆ ಒಂದು ಇಂಚು. ಬೇಸಗೆಯ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದರಿಂದ ಇಲ್ಲಿ ವಾರ್ತೆಗೆ ಹಣದ ಸೋಂಕಿದೆ, ಆದ್ದರಿಂದ ಇದು ಶುದ್ಧ ಅಂಗಳವಾರ್ತೆಯಲ್ಲ ಎಂದು ಪೂರ್ವಪಕ್ಷ. ಉತ್ತರವಿದು. ಸಂಭಾಷಣೆಯನ್ನು ಗಮನಿಸಿ:

'ಎಷ್ಟು ಬಿತ್ತು ಮಾರಾಯ್ರೆ?'

'ಎಂಬತ್ತು ಸೆಂಟು.'

'ಅಷ್ಟೇನಾ? ನಮ್ಮಲ್ಲಿ ಒಂದು ಇಂಚು ಹತ್ತು ಸೆಂಟು ಮಾರಾಯ್ರೆ!'

ಇಬ್ಬರ ತೋಟಕ್ಕೂ ಒಂದೇ ಬೇಲಿ. ನಡುವಿನ ಮೂವತ್ತು ಸೆಂಟು ಮೋಡದಿಂದ ಬಿದ್ದದ್ದಲ್ಲ, ಶಾಸ್ತ್ರದಿಂದ ಬಿದ್ದದ್ದು. ಎರಡನೆಯದಾಗಿ ಹೇಳುವವರ ಮಳೆ ಯಾವತ್ತೂ ಹೆಚ್ಚು. ಆದ್ದರಿಂದಲೇ ಅನುಭವಿಗಳು ತಾವೇ ಫೋನ್ ಮಾಡಿ ಮೊದಲು ಪ್ರಶ್ನೆ ಕೇಳುತ್ತಾರೆ.

ಪ್ರಮಾಣ ವಿಚಾರ

ವಾರ್ತೆಯ ಸತ್ಯಾಸತ್ಯತೆಯನ್ನು ನಿರ್ಣಯಿಸಲು ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳೂ ಇಲ್ಲಿ ಸಲ್ಲುತ್ತವೆ.

ಪ್ರತ್ಯಕ್ಷ: ಕಣ್ಣಾರೆ ಕಂಡದ್ದು. ಇದು ಅತ್ಯಂತ ದುರ್ಬಲ ಪ್ರಮಾಣ. ಹಕ್ಕಿ ಕಂಡಾಗ ಕನ್ನಡಕ ಒಳಗಿರುತ್ತದೆ. ಕನ್ನಡಕ ತಂದಾಗ ಹಕ್ಕಿ ಇರುವುದಿಲ್ಲ.

ಅನುಮಾನ: ಬೆಟ್ಟದಲ್ಲಿ ಹೊಗೆ, ಆದ್ದರಿಂದ ಬೆಂಕಿ. ಸೀಬೆಯಲ್ಲಿ ಹಲ್ಲಿನ ಗುರುತು, ಆದ್ದರಿಂದ ಅಳಿಲು. ಬಾವಲಿ ಎಂದು ಇನ್ನೊಂದು ಪಕ್ಷ. ಕಾಯಿ ಯಾರಿಗೂ ಉಳಿಯಲಿಲ್ಲವೆಂಬಲ್ಲಿ ಮಾತ್ರ ಉಭಯ ಪಕ್ಷಗಳಿಗೂ ಸಮ್ಮತಿ.

ಉಪಮಾನ: 'ಪಿಕಳಾರದಷ್ಟೇ ಗಾತ್ರ, ಆದರೆ ಜುಟ್ಟಿಲ್ಲ. ಬಾಲ ಮಡಿವಾಳ ಹಕ್ಕಿಯದು, ಆದರೆ ಬಣ್ಣ ಬೇರೆ.' ಈ ವಿಧಾನದಿಂದ ದಿನಕ್ಕೊಂದು ಹೊಸ ಪ್ರಭೇದವನ್ನು ಕಂಡುಹಿಡಿಯಬಹುದು.

ಶಬ್ದ: ಆಪ್ತರ ಮಾತು. ಸೊಪ್ಪಿನವಳು ಹೇಳಿದ್ದು, ತೋಟದ ಮಾಲಿ ಹೇಳಿದ್ದು, ನ್ಯೂಜೆರ್ಸಿಯಿಂದ ಮಗಳು 'ಇಲ್ಲೂ ಚಿಗುರಿದೆ ಅಮ್ಮ' ಎಂದದ್ದು. ಇದನ್ನು ಪ್ರಶ್ನಿಸುವಂತಿಲ್ಲ.

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಹಾಗೆಯೇ, ಆಚೆ ಬೀದಿಯ ರಾಯರ ಮನೆಯಲ್ಲಿ ಒಂದೂ ಗಿಡವಿಲ್ಲ, ಆದರೆ ಅವರ ದೇವರಿಗೆ ದಿನವೂ ಬುಟ್ಟಿ ತುಂಬ ದಾಸವಾಳ. ಆದ್ದರಿಂದ ರಾಯರು ಬೆಳಗಿನ ಜಾವ ಐದಕ್ಕೆ ಪ್ಲಾಸ್ಟಿಕ್ ಚೀಲದೊಂದಿಗೆ ವಾಯುವಿಹಾರ ಮಾಡುತ್ತಾರೆ.

ಅನುಪಲಬ್ಧಿ: ಇಲ್ಲದಿರುವುದರ ಅರಿವು. ಗುಬ್ಬಚ್ಚಿಗಳ ವಿಷಯದಲ್ಲಿ ಇದನ್ನು ಹೇರಳವಾಗಿ ಬಳಸಲಾಗುತ್ತದೆ. ಆದರೆ ಇದರ ಮುಖ್ಯ ಪ್ರಯೋಗ ಬೇರೆ. ದಿನ ತಪ್ಪದೆ ಸುದ್ದಿ ಕೊಡುವ ಗೆಳತಿಯಿಂದ ನಾಲ್ಕು ದಿನ ಏನೂ ಬರಲಿಲ್ಲವೆಂದರೆ ಫೋನು ಹೋಗುತ್ತದೆ: 'ಏನ್ರೀ, ನಿಮ್ಮ ಮಲ್ಲಿಗೆ ಮೊಗ್ಗು ಬಿಡ್ತಾ?' ಪ್ರಶ್ನೆ ಮಂಡಿನೋವಿನದು, ಮಲ್ಲಿಗೆ ನಿಮಿತ್ತ. ಆಕೆಗೂ ಅದು ಗೊತ್ತು. ಆದ್ದರಿಂದ 'ಗಿಡಕ್ಕೆ ನೀರು ಹಾಕೋಕೆ ಬಗ್ಗೋಕೇ ಆಗ್ತಿಲ್ಲ ಕಣ್ರೀ' ಎಂದು ಉತ್ತರ ಬರುತ್ತದೆ.

ಸಿದ್ಧಾಂತ

ಇದರಿಂದ ಸಿದ್ಧವಾಗುವುದೇನೆಂದರೆ, ಅಂಗಳವಾರ್ತೆಯ ವಿಷಯ ಹಕ್ಕಿಯೂ ಅಲ್ಲ, ಹೂವೂ ಅಲ್ಲ. ಸುಮ್ಮನೆ 'ಹೇಗಿದ್ದೀರಿ' ಎಂದರೆ 'ಹೂಂ, ಇದ್ದೀನಿ' ಎಂದು ಎರಡೇ ಮಾತಿಗೆ ಮುಗಿಸುವ ಜನ, ಸಂಪಿಗೆಯನ್ನು ನಡುವೆ ಇಟ್ಟರೆ ಮುಕ್ಕಾಲು ಗಂಟೆ ಮಾತಾಡುತ್ತಾರೆ.

ಇನ್ನು ನಿಷೇಧ ಒಂದೇ: ತಿದ್ದಬಾರದು. ಕೂಗುವ ಕೋಗಿಲೆಯನ್ನು 'ಅವಳು' ಎಂದವರಿಗೆ 'ಕುಹೂ ಅನ್ನೋದು ಗಂಡು, ಹೆಣ್ಣಿನ ಮೈ ಕಂದು ಚುಕ್ಕೆಯದು' ಎನ್ನಬಾರದು. ರಾತ್ರಿ ಹನ್ನೊಂದಕ್ಕೆ ಬ್ರಹ್ಮಕಮಲ ಅರಳಿತೆಂದು ಬೀದಿಯವರನ್ನೆಲ್ಲ ಕರೆದು, ಕುಂಕುಮ ಹಚ್ಚಿ, ಆರತಿ ಎತ್ತುತ್ತಿರುವ ಗೃಹಿಣಿಗೆ 'ನಿಜವಾದ ಬ್ರಹ್ಮಕಮಲ ಹಿಮಾಲಯದಲ್ಲಿದೆ, ಇದು ಮೆಕ್ಸಿಕೋ ಕಡೆಯ ಕಳ್ಳಿಜಾತಿ' ಎನ್ನಬಾರದು. ಎರಡೂ ಸತ್ಯ. ಹೇಳಿದವರಿಗೆ ಮುಂದಿನ ವರ್ಷ ಕರೆ ಬರುವುದಿಲ್ಲ, ಅದೂ ಸತ್ಯ.

ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮ ಅಂಗಳದಲ್ಲೋ, ಡಬ್ಬಿಯಲ್ಲೋ, ಎದುರು ಮನೆಯಲ್ಲೋ ಏನಾದರೂ ಚಿಗುರಿದ್ದರೆ ಇವತ್ತೇ ಯಾರಿಗಾದರೂ ಹೇಳಿ. ನಾಳೆಗೆ ಇಟ್ಟರೆ ಅವರದೇ ಮೊದಲು ಚಿಗುರಿರುತ್ತದೆ.