ಡಾಕ್ಟರ್ ತನಕದ ಇಂಗ್ಲಿಷು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿ ಕೆದಕಿದರೆ ಎರಡು ಕೈಗೆ ಸಿಕ್ಕೇ ಸಿಗುತ್ತವೆ: ಎಂಜಿನಿಯರಿಂಗ್ ಗಣಿತ ಮತ್ತು ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಸಿ’. ಮೊದಲನೆಯದನ್ನು ಓದಿ ಮುಗಿಯಿತೆಂದು ಮಾರಿರುತ್ತಾರೆ, ಎರಡನೆಯದನ್ನು ಮುಗಿಯಲೊಲ್ಲದೆಂದು.

1949ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಪುಸ್ತಕ ನಮ್ಮಲ್ಲಿ ಬ್ಯಾಂಕ್ ಪರೀಕ್ಷೆ, ಜಿಆರ್‌ಇ, ಇಂಟರ್‌ವ್ಯೂ ಎಲ್ಲಕ್ಕೂ ಒಂದೇ ಮದ್ದು. ನನ್ನ ಪ್ರತಿಯನ್ನು ನನಗಿಂತ ಮುಂಚೆ ಬೇರೊಬ್ಬರು ಸೇವಿಸಿದ್ದರು. ಪೆನ್ಸಿಲ್ ಗುರುತೇ ಸಾಕ್ಷಿ. ಮನುಷ್ಯಸ್ವಭಾವಗಳ ಅಧ್ಯಾಯದಲ್ಲಿ ಸ್ಕೇಲಿಟ್ಟು ಎಳೆದ ಅಡಿಗೆರೆ, ಅಂಚಿನಲ್ಲಿ ಮುತ್ತಿನಂಥ ಕನ್ನಡ ಅರ್ಥ. ಡಾಕ್ಟರುಗಳ ಅಧ್ಯಾಯದಲ್ಲಿ ಸ್ಕೇಲು ಕಳೆದಿದೆ. ಸುಳ್ಳುಗಾರರ ಅಧ್ಯಾಯದಲ್ಲಿ ಒಂದೇ ಒಂದು ಟಿಕ್ಕು. ಅಲ್ಲಿಂದಾಚೆ ಪುಟಗಳು ಅಚ್ಚಿನ ಮನೆಯಿಂದ ಬಂದ ದಿನದಷ್ಟೇ ನಿರ್ಮಲ.

ನಾನೂ ಅಲ್ಲಿಗೇ ನಿಂತೆ. ನಮ್ಮ ತಲೆಮಾರಿನ ಎಷ್ಟೋ ಜನರ ಘನ ಇಂಗ್ಲಿಷು ನಿಂತಿರುವುದೂ ಅಲ್ಲೇ ಎಂದು ನನ್ನ ಗುಮಾನಿ. ನಮಗೆ ಅಹಂಕಾರಿಗಳ ಬಗೆಗಳು ಗೊತ್ತು, ಚರ್ಮದ ವೈದ್ಯರ ಹೆಸರು ಗೊತ್ತು. ಶತ್ರುಗಳನ್ನು ಬೈಯುವ ಅಧ್ಯಾಯ ಇನ್ನೂ ಮುಂದಿದೆ. ಗೆಳೆಯರನ್ನು ಹೊಗಳುವುದು ಅದರಿಂದಲೂ ಆಚೆ. ಅಷ್ಟು ದೂರ ಹೋಗಿಬಂದವರನ್ನು ನಾನಂತೂ ಕಂಡಿಲ್ಲ. ನಮ್ಮ ಆಫೀಸಿನ ಇ-ಮೇಲುಗಳಲ್ಲಿ ಯಾರು ಏನು ಸಾಧಿಸಿದರೂ ‘ಗುಡ್ ಜಾಬ್’ ಒಂದೇ ಗತಿಯಾಗಿರುವುದು ಸುಮ್ಮನೆ ಅಲ್ಲ.

ಕಲಿತ ಪದವನ್ನು ಖರ್ಚು ಮಾಡುವುದು ಇನ್ನೊಂದು ಪಡಿಪಾಟಲು. 2017ರಲ್ಲಿ ಶಶಿ ತರೂರ್ ‘ಫರಾಗೊ’ ಎಂದು ಟ್ವೀಟಿಸಿದಾಗ ಜನ ನಿಘಂಟಿಗೆ ಮುಗಿಬಿದ್ದರು. ಲ್ಯಾಟಿನ್ನಿನಲ್ಲಿ ಅದು ದನಕ್ಕೆ ಹಾಕುವ ಬೆರಕೆ ಮೇವಂತೆ. ಅವರ ಬಾಯಲ್ಲಿ ಪಾಂಡಿತ್ಯ. ನಾನು ಮನೆಯಲ್ಲಿ ಅದನ್ನೇ ಅಂದರೆ ಕೆಮ್ಮೆಂದು ತಿಳಿದು ಕಷಾಯ ಕಾಯಿಸುತ್ತಾರೆ.

ಆದರೂ ಲೂಯಿಸರ ಧಾತುವಿನ ಉಪಾಯ ಒಳ್ಳೆಯದೇ. ‘ಮಿಸ್’ ಎಂದರೆ ಗ್ರೀಕಿನಲ್ಲಿ ದ್ವೇಷ ಎಂದು ಒಮ್ಮೆ ತಲೆಗೆ ಹತ್ತಿದರೆ ಮನುಷ್ಯದ್ವೇಷಿ, ಸ್ತ್ರೀದ್ವೇಷಿ, ವಿವಾಹದ್ವೇಷಿ ಮೂವರೂ ಒಟ್ಟಿಗೆ ಒಳಬರುತ್ತಾರೆ. ಮೂರನೆಯವನು, ‘ಮಿಸಾಗಮಿಸ್ಟ್’, ನಮ್ಮ ಮನೆಯಲ್ಲೇ ಇದ್ದ: ಬಂದ ಜಾತಕವನ್ನೆಲ್ಲ ಹಿಂದಕ್ಕೆ ಕಳಿಸುವ ಚಿಕ್ಕಪ್ಪನ ಮಗ.

ಗೃಹಪ್ರವೇಶವೊಂದರಲ್ಲಿ ದಾವಣಗೆರೆ ಕಡೆಯ ಅತ್ತೆಯೊಬ್ಬರು, “ಹುಡುಗಂಗೆ ಯಾಕಿನ್ನೂ ಆಗಿಲ್ಲ?” ಎಂದರು. ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು, “ಅವನು ಮಿಸಾಗಮಿಸ್ಟ್ ಅತ್ತೆ” ಎಂದೆ.

ಅತ್ತೆಯ ಮುಖ ಅರಳಿತು. “ಹೌದೇನು? ಯಾರೂ ಹೇಳಲೇ ಇಲ್ಲ ನೋಡು! ಹೊಟ್ಟೆ ನೋಡ್ತಾನೋ, ಮೂಳೆ ನೋಡ್ತಾನೋ?”

ಡೆಂಟಿಸ್ಟು, ಕಾರ್ಡಿಯಾಲಜಿಸ್ಟು, ಡರ್ಮಟಾಲಜಿಸ್ಟು. ‘ಇಸ್ಟು’ ಎಂದು ಮುಗಿಯುವವರೆಲ್ಲ ದೊಡ್ಡ ಫೀಸಿನವರೇ. ಪುಸ್ತಕ ಮುಟ್ಟದೆ ಅತ್ತೆ ಲೂಯಿಸರ ಪದ್ಧತಿಯಲ್ಲೇ ಅರ್ಥ ಬಿಡಿಸಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಊಟದ ಎರಡನೇ ಪಂಕ್ತಿಗೆ ಸುದ್ದಿ ಬಡಿಸಿಯಾಗಿತ್ತು.

ಮರುವಾರವೇ ಜಾತಕ ಬಂತು. ಹುಡುಗಿ ಎಂಬಿಬಿಎಸ್, ಅಳಿಯನಿಗೆ ಕ್ಲಿನಿಕ್ ಹಾಕಿಕೊಡಲು ತಂದೆ ತಯಾರು. ಚಿಕ್ಕಪ್ಪನ ಮಗ ಎರಡು ಸಲ ಓದಿದ. ಬಿ.ಕಾಂ. ಮಾಡಿದ ಆ ವಿವಾಹದ್ವೇಷಿ ಕೇಳಿದ್ದು ಒಂದೇ: “ಕ್ಲಿನಿಕ್ಕು ಜಯನಗರದಲ್ಲೋ, ರಾಜಾಜಿನಗರದಲ್ಲೋ?”