ಸ್ವತಂತ್ರ ಪ್ರವಾಸಿಗಳ ಅವಗಾಹನೆಗೆ

ಸ್ವತಂತ್ರವಾಗಿ ಊರು ಸುತ್ತುತ್ತೇನೆ ಎಂದು ಹೊರಟವನು ಮೊದಲು ಮಾಡುವ ಕೆಲಸ, ಎಲ್ಲಿ ಇಳಿಯಬೇಕು, ಏನು ತಿನ್ನಬೇಕು, ಯಾವ ಕಂಬದ ಮುಂದೆ ಎಷ್ಟು ಹೊತ್ತು ಬೆರಗಾಗಬೇಕು ಎಂದು ಅಪ್ಪಣೆ ಕೊಡುವ ಪುಸ್ತಕವೊಂದನ್ನು ದುಡ್ಡು ಕೊಟ್ಟು ತರುವುದು. ಪ್ಯಾಕೇಜ್ ಟೂರಿನವರಿಗೆ ಈ ಅಪ್ಪಣೆ ಕೊಡಲು ಸೀಟಿ ಹಿಡಿದ ಮ್ಯಾನೇಜರ್ ಇರುತ್ತಾನೆ. ಅವನ ಹತ್ತಿರ ಜಗಳವಾದರೂ ಆಡಬಹುದು, ಬಸ್ಸು ನಿಲ್ಲಿಸಿ ಟೀ ಕೊಡಿಸು ಎನ್ನಬಹುದು. ಪುಸ್ತಕದವನಿಗೆ ಆ ಸುಖವೂ ಇಲ್ಲ.

ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ನಿಂತರೆ ಈ ಸ್ವತಂತ್ರರ ಮೆರವಣಿಗೆ ಚೆನ್ನಾಗಿ ಕಾಣುತ್ತದೆ. ಬಾಣಾವರದ ಕಡೆಯಿಂದ ಬಂದ ಕಾರು ಬಸ್ ಸ್ಟ್ಯಾಂಡ್ ಹತ್ತಿರ ನಿಧಾನವಾಗುತ್ತದೆ. ಗಾಜು ಇಳಿಯುತ್ತದೆ. "ಹಳೇಬೀಡಿಗೆ ಹೀಗೇನಾ?" ಹೌದು ಎಂದ ಕೂಡಲೇ ಗಾಜು ಏರುತ್ತದೆ. ಸ್ವಲ್ಪ ಮಾತುಗಾರರಾದರೆ, "ಓ, ಇದು ಶ್ರೀನಾಥ್ ಊರಲ್ವಾ!" ಎಂದು ಒಂದು ಬೋರ್ಡಿನ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಆ ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರಲ್ಲಿ, ಮೈಸೂರಿನಲ್ಲಿ. ಪತ್ರಿಕೆಗಳು ಕರೆದದ್ದು ಮೈಸೂರ್ ಎಕ್ಸ್‌ಪ್ರೆಸ್ ಎಂದು. ವಿಕೆಟ್ಟು ದೇಶಕ್ಕೆ, ಬಿರುದು ಮೈಸೂರಿಗೆ, ಇನಿಷಿಯಲ್ಲು ನಮಗೆ. ಸುಮಾರು 1250ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು ಸ್ಕೋರ್‌ಬೋರ್ಡಿನಲ್ಲಿ ಒಂದೇ ಅಕ್ಷರಕ್ಕೆ ಮುಗಿದುಹೋಗುತ್ತದೆ.

ಹಾಗಾದರೆ ಈ ಸೀಮೆಗೆ ಬರುವವನು ಯಾವ ಪುಸ್ತಕ ಕೊಳ್ಳಬೇಕು?

ಬಿಳಿಯ ಪ್ರವಾಸಿಗಳ ಬೆನ್ನುಚೀಲದಿಂದ ಇಣುಕುವ ದಪ್ಪ ಪುಸ್ತಕದಿಂದಲೇ ಶುರುಮಾಡೋಣ. ಲೋನ್ಲಿ ಪ್ಲಾನೆಟ್ ಎಂಬ ಈ ಗ್ರಂಥದ ಹುಟ್ಟು ಬಹಳ ಬಡತನದ್ದು. ಲಂಡನ್ನಿನಿಂದ ನೆಲದ ದಾರಿಯಲ್ಲೇ ಏಷ್ಯಾ ದಾಟಿ ಆಸ್ಟ್ರೇಲಿಯಾಕ್ಕೆ ಬಂದ ವೀಲರ್ ದಂಪತಿ 1973ರಲ್ಲಿ ಕೈಯಾರೆ ಪಿನ್ನು ಹೊಡೆದು ಒಂದು ಕಿರುಹೊತ್ತಗೆ ಮಾರಿದರು. ಇಂಡಿಯಾದ ಪುಸ್ತಕ ಬಂದದ್ದು 1981ರಲ್ಲಿ. ಅಲ್ಲಿಂದೀಚೆಗೆ ಅದು ಎಷ್ಟು ಊದಿದೆಯೆಂದರೆ, ಅದನ್ನು ಹೊತ್ತವನಿಗೆ ಇನ್ನೊಂದು ಜೊತೆ ಬಟ್ಟೆ ಹೊರುವುದು ಕಷ್ಟ. ಆಟೋದವನ ಹತ್ತಿರ ಹೇಗೆ ಚೌಕಾಸಿ ಮಾಡಬೇಕು, ಹೊಟ್ಟೆ ಕೆಟ್ಟರೆ ಏನು ನುಂಗಬೇಕು, ನಲ್ಲಿ ನೀರನ್ನು ಯಾಕೆ ನಂಬಬಾರದು, ಇದೆಲ್ಲ ಅದರಲ್ಲಿ ವಿಸ್ತಾರವಾಗಿದೆ. ಹೊಯ್ಸಳರ ಪಾಲಿಗೆ ಉಳಿಯುವುದು ಬೇಲೂರು, ಹಳೇಬೀಡು, ಸೋಮನಾಥಪುರ, ಹೆಚ್ಚುಕಡಿಮೆ ಇಷ್ಟೇ. ಅದನ್ನು ಓದಿದವನಿಗೆ ದೊರೆ ವಿಷ್ಣುವರ್ಧನನಿಗಿಂತ ಭೇದಿಯ ವಿಚಾರವೇ ಹೆಚ್ಚು ಮನದಟ್ಟಾಗಿರುತ್ತದೆ.

ಇವರ ವಿಶ್ವಾಸಾರ್ಹತೆಯ ಬಗ್ಗೆ ಒಂದು ಮಾತು. 2008ರಲ್ಲಿ ಇದೇ ಕಂಪನಿಗೆ ಬರೆಯುತ್ತಿದ್ದ ಒಬ್ಬ ಲೇಖಕ, ಕೊಲಂಬಿಯಾಕ್ಕೆ ಕಾಲಿಡದೆಯೇ ಕೊಲಂಬಿಯಾದ ಪುಸ್ತಕಕ್ಕೆ ಬರೆದೆ ಎಂದು ಬಾಯಿಬಿಟ್ಟ. ಕಂಪನಿಯ ಸಮಜಾಯಿಷಿ ಬಂತು. ಅವನಿಗೆ ವಹಿಸಿದ್ದು ಇತಿಹಾಸದ ಭಾಗ, ಅದಕ್ಕೆ ಹೋಗಿ ನೋಡುವ ಅಗತ್ಯವಿರಲಿಲ್ಲ ಎಂದಿತು. ಇದನ್ನು ಓದಿದಾಗ ನಮ್ಮ ಪಠ್ಯಪುಸ್ತಕಗಳ ನೆನಪಾಗಿ ಎದೆ ತುಂಬಿ ಬಂತು. ಸುಮಾರು 13 ಕೋಟಿ ಪೌಂಡ್ ಸುರಿದು ಈ ಕಂಪನಿಯನ್ನು ಕೊಂಡಿದ್ದ ಬಿಬಿಸಿ 2013ರಲ್ಲಿ ಅದನ್ನು 5 ಕೋಟಿ ಚಿಲ್ಲರೆಗೆ ಮಾರಿತು. ಅಗ್ಗದಲ್ಲಿ ಲೋಕ ಸುತ್ತುವುದು ಹೇಗೆಂದು ಕಲಿಸುವ ಪುಸ್ತಕವನ್ನು ಇಷ್ಟು ದುಬಾರಿಯಾಗಿ ಓದಿದವರು ಬೇರೆ ಯಾರೂ ಇರಲಾರರು.

ಇನ್ನು ನಕ್ಷತ್ರಗಳ ವಿಚಾರ. ನೋಡಲೇಬೇಕಾದ ಜಾಗಕ್ಕೆ ನಕ್ಷತ್ರ ಹಾಕುವ ಚಟವನ್ನು ಜಗತ್ತಿಗೆ ಹಚ್ಚಿದವರಲ್ಲಿ ಜರ್ಮನಿಯ ಬೆಡೆಕರ್ ದೊಡ್ಡ ಹೆಸರು. 1942ರಲ್ಲಿ ಜರ್ಮನರು ಇಂಗ್ಲೆಂಡಿನ ಬಾತ್, ಎಕ್ಸಿಟರ್, ಯಾರ್ಕ್, ನಾರ್ವಿಚ್, ಕ್ಯಾಂಟರ್ಬರಿಗಳ ಮೇಲೆ ಬಾಂಬು ಹಾಕಿದಾಗ, ಬೆಡೆಕರ್‌ನಲ್ಲಿ ಮೂರು ನಕ್ಷತ್ರವಿರುವ ಒಂದು ಕಟ್ಟಡವನ್ನೂ ಬಿಡುವುದಿಲ್ಲ ಎಂದು ಅವರ ಅಧಿಕಾರಿಯೊಬ್ಬ ಅಬ್ಬರಿಸಿದ್ದ. ಬೆಡೆಕರ್ ಕೊಡುತ್ತಿದ್ದುದೇ ಹೆಚ್ಚೆಂದರೆ ಎರಡು ನಕ್ಷತ್ರ! ಬಾಂಬು ಹಾಕುವವನೂ ಪುಸ್ತಕವನ್ನು ಪೂರ್ತಿ ಓದಿರಲಿಲ್ಲ. ಆ ದಾಳಿಗೆ ಇತಿಹಾಸದಲ್ಲಿ ಬೆಡೆಕರ್ ದಾಳಿ ಎಂದೇ ಹೆಸರು ನಿಂತಿದೆ. ನಕ್ಷತ್ರವಿಲ್ಲದ ಊರಿನವರು ಈ ಪ್ರಸಂಗ ಕೇಳಿ ಸ್ವಲ್ಪ ಹಗುರಾಗಬಹುದು.

ನಮ್ಮ ಕಡೆಯ ನಕ್ಷತ್ರ ಬಿದ್ದದ್ದು 18 ಸೆಪ್ಟೆಂಬರ್ 2023ರಂದು. ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಅಂದಿನಿಂದ ಹೊಯ್ಸಳರು ಕಟ್ಟಿಸಿದ್ದು ಮೂರೇ ಗುಡಿ ಎಂಬುದು ಸರ್ವಸಮ್ಮತವಾಗಿಬಿಟ್ಟಿದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದವನು ಬೇಲೂರಿನ ಬಸ್ಸು ತಪ್ಪೀತೆಂದು ಓಡುತ್ತಾನೆ. ಅದೇ ಊರಿನಲ್ಲಿ 1220ರ ಈಶ್ವರ ದೇವಾಲಯವಿದೆ, ಅದರ ಮುಂದಿನ ಮಂಟಪವೇ ನಕ್ಷತ್ರದ ಆಕಾರದಲ್ಲಿದೆ, 16 ಮೂಲೆಯ ನಕ್ಷತ್ರ. ಯಾರೂ ಕೊಡಲಿಕ್ಕಿಲ್ಲವೆಂದು ಕಟ್ಟಿದವನೇ ಕೊಟ್ಟುಕೊಂಡಿರಬೇಕು. ಹಾರನಹಳ್ಳಿ, ಬೆಳವಾಡಿ, ಹುಲಿಕೆರೆಯ ಕೊಳ, ದೊಡ್ಡಗದ್ದವಳ್ಳಿ, ಕೋರವಂಗಲ, ಇವುಗಳ ಹೆಸರು ಹೇಳಿದರೆ "ಟೈಮಿದ್ರೆ ನೋಡೋಣ" ಎನ್ನುತ್ತಾರೆ. ಟೈಮು ಇರುವುದಿಲ್ಲ. ಸಂಜೆಯೊಳಗೆ ಶ್ರವಣಬೆಳಗೊಳ ಹತ್ತಿ ಇಳಿದು ರಾತ್ರಿ ಬೆಂಗಳೂರು ಸೇರಬೇಕು.

ಫೋನಿರುವಾಗ ಪುಸ್ತಕ ಯಾಕೆ ಎನ್ನುವವರಿದ್ದಾರೆ. ಫೋನಿನಲ್ಲಿ ನಕ್ಷತ್ರ ಕೊಡುವ ಅಧಿಕಾರ ಎಲ್ಲರಿಗೂ ಇದೆ. ಎಂಟುನೂರು ವರ್ಷದ ಗುಡಿಗೆ "ಪಾರ್ಕಿಂಗ್ ಚಿಕ್ಕದು" ಎಂದು ಮೂರು ನಕ್ಷತ್ರ ಕೊಟ್ಟವನೇ ಎದುರಿನ ಹೋಟೆಲಿನ ತಟ್ಟೆ ಇಡ್ಲಿಗೆ ಐದು ಕೊಟ್ಟಿರುತ್ತಾನೆ. ಈ ವಿಮರ್ಶಾ ಪ್ರಜ್ಞೆಗೆ ನಾನೇನೂ ಹೇಳಲಾರೆ. ಇಡ್ಲಿ ಚೆನ್ನಾಗಿಯೇ ಇರುತ್ತದೆ.

ಕನ್ನಡಿಗ ನಿಜಕ್ಕೂ ಕೊಳ್ಳುವ ಪುಸ್ತಕ ಬೇರೆ. ಅದು ಗುಡಿಯ ಬಾಗಿಲಲ್ಲಿ, ಸರ ಬಳೆ ಮಾರುವ ಗಾಡಿಯ ಮೇಲೆ ಸಿಗುತ್ತದೆ. ಹೊಳೆಯುವ ರಟ್ಟು, ನಡುವೆ ಎರಡು ಪಿನ್ನು, ಕಣ್ಣಿಗೆ ರಾಚುವ ಬಣ್ಣ. ಒಳಗೆ ಶಿಲ್ಪಿ ಜಕಣಾಚಾರಿ, ಅವನ ತಪ್ಪು ಹಿಡಿದ ಮಗ ಡಂಕಣಾಚಾರಿ, ಕಲ್ಲಿನೊಳಗಿನ ಕಪ್ಪೆ, ಕಳೆದ ಕೈ ಮರಳಿ ಬಂದ ಕೈದಾಳ, ರಾಣಿ ಶಾಂತಲೆಯನ್ನೇ ಎದುರಿಗೆ ನಿಲ್ಲಿಸಿಕೊಂಡು ಕೆತ್ತಿದ ದರ್ಪಣಸುಂದರಿ. ಕಥೆ ಸೊಗಸಾಗಿದೆ, ನನಗೂ ಇಷ್ಟ. 1964ರ ಅಮರಶಿಲ್ಪಿ ಜಕಣಾಚಾರಿ ಸಿನಿಮಾ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದದ್ದೂ ಈ ಕಥೆಯ ಪುಣ್ಯದಿಂದಲೇ. ಸರ್ಕಾರ ಅವನ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ, ಜನವರಿ 1ರಂದು ಸಂಸ್ಮರಣೆ ಮಾಡುತ್ತದೆ. ಬೇಲೂರಿನ ಕಲ್ಲುಗಳಲ್ಲಿ ಮಾತ್ರ ಅವನ ಸಹಿ ಇಲ್ಲ. ಅಲ್ಲಿ ಸಹಿ ಹಾಕಿದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಸಹಿ ಇದ್ದವರಿಗೆ ಸಿನಿಮಾ ಇಲ್ಲ.

ಜಾವಗಲ್ ಗುಡಿಯಲ್ಲಿ ದುಡಿದವನ ಕಥೆ ಇನ್ನೂ ಚೆನ್ನಾಗಿದೆ. ಅವನ ಹೆಸರು ಮಲ್ಲಿತಮ್ಮ. 1196ರ ಅಮೃತಾಪುರದಿಂದ ಹಿಡಿದು ಸೋಮನಾಥಪುರದವರೆಗೆ, ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಹೆಸರು ಮೂರ್ತಿಗಳ ಕೆಳಗೆ ಕಾಣಿಸಿಕೊಳ್ಳುತ್ತದೆ. ಸೋಮನಾಥಪುರದಲ್ಲಂತೂ ನಲವತ್ತರ ಆಸುಪಾಸು. ಒಬ್ಬನೇ ಇಷ್ಟು ಸರ್ವಿಸ್ ಮಾಡಿದನೋ ಅದೇ ಹೆಸರಿನ ಇಬ್ಬರಿದ್ದರೋ ಎಂದು ವಿದ್ವಾಂಸರು ಜಗಳವಾಡಿಕೊಳ್ಳಲಿ. ಬೇಲೂರಿನ ಶಿಲ್ಪಿಗಳಂತೆ ಊರು, ಅಪ್ಪ, ಬಿರುದು ಎಂದು ಕೊಚ್ಚಿಕೊಳ್ಳದೆ ಹೆಸರನ್ನಷ್ಟೇ, ಕೆಲವೆಡೆ ಅದನ್ನೂ ಮೊಟಕು ಮಾಡಿ, ಕೆತ್ತಿ ಹೋದ ಮನುಷ್ಯನ ಮೇಲೆ ಪಿನ್ನಿನ ಪುಸ್ತಕದಲ್ಲಿ ಒಂದು ಸಾಲಿಲ್ಲ. ಕಪ್ಪೆ ಇರಲಿಲ್ಲವಲ್ಲ ಅವನ ಹತ್ತಿರ.

ಬಾಯಿಮಾತಿನ ಪುಸ್ತಕವೂ ಉಂಟು, ಅಂದರೆ ಗೈಡು. ಬೇಲೂರಿನಲ್ಲಿ ಮದನಿಕೆಯ ಕೈಬಳೆ ಅಲುಗಾಡುವುದನ್ನು, ಹಲಸಿನ ಹಣ್ಣಿನ ಮೇಲೆ ಕೂತ ನೊಣವನ್ನು, ನೊಣಕ್ಕೆ ಹೊಂಚು ಹಾಕಿದ ಹಲ್ಲಿಯನ್ನು ತೋರಿಸಿಯೇ ತೋರಿಸುತ್ತಾರೆ. ತೋರಿಸಲಿ; ಅದು ಇದೆ, ಚೆನ್ನಾಗಿದೆ. ತೊಂದರೆ ಆಮೇಲೆ. ಒಮ್ಮೆ ಹಲ್ಲಿ ನೋಡಿದವರು ಮುಂದೆ ಪ್ರತಿ ಗುಡಿಯಲ್ಲೂ ಹಲ್ಲಿ ಹುಡುಕುತ್ತಾರೆ. ದಾರಿ ತಪ್ಪಿ ಜಾವಗಲ್ ಗುಡಿಗೆ ಬಂದವರು ಒಂದು ಸುತ್ತು ಹಾಕಿ ಕೇಳುತ್ತಾರೆ:

"ಇಲ್ಲಿ ಬಳೆ ಅಲ್ಲಾಡೋದು ಎಲ್ಲಿದೆ?"

"ಇಲ್ಲಿ ಯಾವ್ದೂ ಅಲ್ಲಾಡಲ್ಲ ಸ್ವಾಮಿ, ಎಲ್ಲಾ ಭದ್ರವಾಗೈತೆ."

"ಹಂಗಾದ್ರೆ ಸ್ಪೆಷಲ್ ಏನು?"

ಸ್ಪೆಷಲ್ ಏನೆಂದರೆ, ಕೇಳಿದವರು ಹೊರಗಿನ ಒಂದೇ ಶಿಖರದ ಮುಂದೆ ಸೆಲ್ಫಿ ಹೊಡೆದು ಹೊರಟುಬಿಡುತ್ತಾರೆ. ಒಳಗೆ ಮೂರು ಗರ್ಭಗುಡಿಗಳಿವೆ. ಅಕ್ಕಪಕ್ಕದ ಎರಡಕ್ಕೆ ಶಿಖರವಿಲ್ಲದ್ದರಿಂದ ಹೊರಗಿನಿಂದ ಗೊತ್ತಾಗುವುದಿಲ್ಲ. ಮೂರರಲ್ಲಿ ಎರಡು ದೇವರನ್ನು ಬಿಟ್ಟು ಹೋಗಿ "ಜಾವಗಲ್ ಕವರ್ ಆಯ್ತು" ಎಂದು ಸ್ಟೇಟಸ್ ಹಾಕುತ್ತಾರೆ.

ಇದನ್ನೆಲ್ಲ ಸರಿಯಾಗಿ ಹೇಳುವ ಪುಸ್ತಕ ಇಲ್ಲವೇ? ಇದೆ. ಬರೆದವನು ಡಚ್ಚರವನು, ಗೆರಾರ್ಡ್ ಫೂಕೆಮಾ. ಹೊಯ್ಸಳ ದೇವಾಲಯಗಳಿಗೆ ಸಂಪೂರ್ಣ ಕೈಪಿಡಿ ಎಂಬರ್ಥದ ಹೆಸರಿನಲ್ಲಿ 1996ರಲ್ಲಿ ದೆಹಲಿಯಲ್ಲಿ ಅಚ್ಚಾಯಿತು. ತೆಳ್ಳಗಿದೆ. ಭೇದಿಯ ಬಗ್ಗೆ ಏನೂ ಇಲ್ಲ. ಎಲ್ಲಿ ಹೋಗಬೇಕು ಎನ್ನುವುದಕ್ಕಿಂತ, ಹೋದ ಮೇಲೆ ಕಣ್ಣು ಎಲ್ಲಿಡಬೇಕು ಎಂದು ಹೇಳುತ್ತದೆ. ಗೋಡೆಯ ಮೇಲೆ ಸೂರು ಒಂದೇ ಇದೆಯೋ, ಅದರ ಕೆಳಗೆ ಇನ್ನೊಂದಿದೆಯೋ ನೋಡಿ; ಎರಡಿದ್ದರೆ ಅದು ಹೊಯ್ಸಳರ ಹೊಸ ಬಗೆ. ಎರಡು ಸೂರುಗಳ ನಡುವೆ ಪುಟ್ಟ ಶಿಖರಗಳ ಸಾಲು, ಕೆಳಸೂರಿನ ಅಡಿಯಲ್ಲಿ ದೇವರ ಮೂರ್ತಿಗಳು, ಅವುಗಳ ಬುಡದಲ್ಲಿ ಆರು ಪಟ್ಟಿಕೆ: ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಜಾವಗಲ್ ಗೋಡೆ ಇದೇ. ಇಷ್ಟು ತಿಳಿದವನು ಯಾವ ಊರಿನ ಗುಡಿಯ ಮುಂದೆ ನಿಂತರೂ ಗೈಡಿನ ಮುಖ ನೋಡಬೇಕಾಗಿಲ್ಲ. ಹೀಗಾಗಿಯೇ ಗಾಡಿಯ ಮೇಲೆ ಅದನ್ನಿಟ್ಟು ಮಾರಲು ಯಾರಿಗೂ ಮನಸ್ಸಿಲ್ಲ.

ಅದಕ್ಕೂ ಹಿಂದಿನವು ಬೇಕೆಂದರೆ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಓದಿಸಿ 1902ರಲ್ಲಿ ಅಚ್ಚು ಹಾಕಿಸಿದ ಸಂಪುಟವಿದೆ. ಕವಿಚರಿತೆಯ ಆರ್. ನರಸಿಂಹಾಚಾರ್ಯರು ಮೈಸೂರಿನ ಪುರಾತತ್ವ ಇಲಾಖೆಯಲ್ಲಿದ್ದಾಗ ಬರೆದ ಸೋಮನಾಥಪುರ (1917), ಬೇಲೂರು, ದೊಡ್ಡಗದ್ದವಳ್ಳಿಯ (1919) ಹೊತ್ತಗೆಗಳಿವೆ. 1992ರಲ್ಲಿ ಷ. ಶೆಟ್ಟರ್ ಹೊರತಂದ ಎರಡು ಸಂಪುಟಗಳಿವೆ, ಎತ್ತಲು ಇಬ್ಬರು ಬೇಕು. ಎಲ್ಲ ಇಂಗ್ಲಿಷಿನಲ್ಲಿ. ಕೆತ್ತಿದ ಅಕ್ಷರ ಕನ್ನಡ, ಅಚ್ಚಾದ ವಿವರಣೆ ಇಂಗ್ಲಿಷು, ಕಾಲಿಗೆ ಹತ್ತಿರದ ಪುಸ್ತಕ ಡಚ್ಚರವನದು, ನಮ್ಮ ಪಾಲಿಗೆ ಕಪ್ಪೆ. ಕನ್ನಡದಲ್ಲೂ ಒಳ್ಳೆಯ ಬರಹಗಳಿಲ್ಲವೆಂದಲ್ಲ. ಅವು ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಸಮ್ಮೇಳನ ಗುಡಿಯ ಬಾಗಿಲಿಗೆ ಬರುವುದಿಲ್ಲ. ಗುಡಿಯ ಬಾಗಿಲಲ್ಲಿ ಸರ್ಕಾರ ಉಚಿತವಾಗಿ ಓದಿಸುವ ಸಾಹಿತ್ಯ ಒಂದೇ, ಪುರಾತತ್ವದವರ ನೀಲಿ ಫಲಕ: ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಂತೆ ಶಿಕ್ಷೆ. ಎರಡು ವರ್ಷ ಜೈಲು, ಒಂದು ಲಕ್ಷ ದಂಡ, ಎರಡೂ ಬೇಕಿದ್ದರೆ ಎರಡೂ. ಮೂರ್ತಿ ಯಾರದೆಂದು ತಿಳಿಯದಿದ್ದರೂ ಮೂಗು ಮುರಿದರೆ ರೇಟು ಎಷ್ಟೆಂದು ತಿಳಿದು ಮನೆಗೆ ಹೋಗಬಹುದು.

ಇಷ್ಟಾಗಿಯೂ ಫೂಕೆಮಾ ಬರೆಯದ ಒಂದು ವಿಚಾರವಿದೆ, ಅದೇ ಮುಖ್ಯ: ಬೀಗದ ಕೈ ಯಾರ ಮನೆಯಲ್ಲಿದೆ? ಹಳ್ಳಿಯ ಗುಡಿಗಳಲ್ಲಿ ಸಮಯ ಎಂಬುದು ಬೋರ್ಡಿನ ಮೇಲೆ ಒಂದು, ಐನೋರ ಮನೆಯಲ್ಲಿ ಇನ್ನೊಂದು. ಅದನ್ನು ತಿಳಿಯಲು ಎದುರು ಜಗಲಿಯ ಅಜ್ಜಿಯನ್ನು ಕೇಳಬೇಕು.

"ಐನೋರು ಊಟಕ್ಕೆ ಹೋಗವ್ರೆ. ಬತ್ತಾರೆ, ಕೂತ್ಕಳಿ. ಯಾವೂರಾಯ್ತು ನಿಮ್ದು?"

ಬೆಂಗಳೂರು ಎಂದರೆ ಅದು ಉತ್ತರವಲ್ಲ. "ಅದು ಕೆಲ್ಸದ ಊರು. ನಿಮ್ಮೂರು ಯಾವ್ದು?" ತಿಪಟೂರೋ ಕಡೂರೋ ಎಂದರೆ ಸಾಕು, ಯಾರ ಮನೆ, ಯಾರ ಮಗ, ಯಾವ ಮದುವೆಯಲ್ಲಿ ನೋಡಿದ್ದು ಎಂದು ಶುರುವಾಗಿ, ಐನೋರು ಬರುವಷ್ಟರಲ್ಲಿ ಎಳನೀರು ಕುಡಿದಾಗಿರುತ್ತದೆ, ಕೊಬ್ಬರಿ ರೇಟು ಕೇಳಿಸಿಕೊಂಡಾಗಿರುತ್ತದೆ, ಹಳೇಬೀಡಿನ ಬಸ್ಸು ಹೋಗಿಬಿಟ್ಟಿರುತ್ತದೆ. ಪುಸ್ತಕದವನಿಗೆ ಇದೆಲ್ಲ ಟೈಮ್ ವೇಸ್ಟು. ಅವನು ಮುಚ್ಚಿದ ಬಾಗಿಲಿನ ಫೋಟೊ ತೆಗೆದು ಎರಡು ನಕ್ಷತ್ರ ಕೊಟ್ಟು ಆಗಲೇ ಹೋಗಿರುತ್ತಾನೆ.

ಕೊಳ್ಳಲೇಬೇಕೆಂದಿದ್ದರೆ ಫೂಕೆಮಾ ಹುಡುಕಿ. ಸಿಗದಿದ್ದರೆ ಆ ದುಡ್ಡಿಗೆ ಅರಸೀಕೆರೆಯಲ್ಲಿ ಒಂದು ಒಳ್ಳೆಯ ಟಾರ್ಚು ತೆಗೆದುಕೊಳ್ಳಿ. ಹೊಯ್ಸಳ ಗುಡಿಯ ಒಳಗೆ ಕತ್ತಲು ಜಾಸ್ತಿ, ಕೆಲಸವೆಲ್ಲ ಇರುವುದು ತಲೆಯ ಮೇಲಿನ ಭುವನೇಶ್ವರಿಯಲ್ಲಿ, ಅಂದರೆ ಕೆತ್ತಿದ ಚಾವಣಿಯಲ್ಲಿ. ಫೋನಿನಲ್ಲೇ ಟಾರ್ಚಿದೆ ಎನ್ನುತ್ತೀರಿ. ಇದೆ, ಆದರೆ ಅದನ್ನು ಹಚ್ಚಲು ಹೋದವರು ಮೆಸೇಜು ಓದಿಕೊಂಡು ಹೊರಗೆ ಬಂದುಬಿಡುತ್ತಾರೆ. ಸೆಲ್ಲು ಹಾಕಿಸಿ ಅಂಗಡಿಯಲ್ಲೇ ಒಮ್ಮೆ ಉರಿಸಿ ನೋಡಿ ತನ್ನಿ. ಜಾವಗಲ್ ಬಸ್ಸು ಹತ್ತಿದ ಮೇಲೆ ಅಂಗಡಿಯವನೂ ಪುಸ್ತಕ ಬರೆದವನೂ ಕೈಗೆ ಸಿಗುವುದಿಲ್ಲ.